ಹೆಪ್ಪುಗಟ್ಟಿದ ಸರೋವರ, ನದಿಗಳ ಮೇಲೆ ಸ್ನೋಮೊಬೈಲ್: ಉತ್ತರ ಒಂಟಾರಿಯೊದ ಟ್ರೇಲ್ ಹಿಡಿಯುವ ಮುನ್ನ

ಕೆನಡಾದ ಟೊರಾಂಟೊದಿಂದ ಉತ್ತರಕ್ಕೆ ಹೆಚ್ಚುಕಡಿಮೆ ನಾಲ್ಕು ಗಂಟೆ ಕಾರು ಓಡಿಸಿದರೆ ನಾರ್ತ್ ಬೇ ಸಿಗುತ್ತದೆ. ಊರಿಗೆ ಅಂಟಿಕೊಂಡೇ ನಿಪಿಸಿಂಗ್ ಸರೋವರ. ಚಳಿ ಕೈಕೊಡದ ವರ್ಷಗಳಲ್ಲಿ ಜನವರಿ ನಡುವಿನಿಂದ ಮಾರ್ಚ್ ಮೊದಲ ವಾರದವರೆಗೆ ಇಲ್ಲಿಂದ ಟೆಮಾಗಮಿ, ಇನ್ನೂ ಮೇಲೆ ಕೊಕ್ರನ್, ಹರ್ಸ್ಟ್‌ವರೆಗೂ ಸ್ನೋಮೊಬೈಲ್ ಸವಾರಿ ನಡೆಯುತ್ತದೆ. ಮುಂದೆ ಎರಡು ಸ್ಕೀ, ಹಿಂದೆ ಸುತ್ತುವ ರಬ್ಬರ್ ಟ್ರ್ಯಾಕ್ ಇರುವ ಹಿಮದ ಗಾಡಿ ಇದು, ಸವಾರರ ಬಾಯಲ್ಲಿ ಸ್ಲೆಡ್. ಒಂಟಾರಿಯೊ ಪ್ರಾಂತ್ಯದ ಸ್ನೋಮೊಬೈಲ್ ಕ್ಲಬ್‌ಗಳ ಒಕ್ಕೂಟವಾದ ಒಎಫ್‌ಎಸ್‌ಸಿ ನೋಡಿಕೊಳ್ಳುವ ಟ್ರೇಲ್‌ಗಳ ಉದ್ದವೇ ಸುಮಾರು 30,000 ಕಿ.ಮೀ.

ಹೊಸಬರು ಮೊದಲು ಕೇಳುವುದು "ಮಂಜುಗಡ್ಡೆ ಎಷ್ಟು ದಪ್ಪ ಇದೆ?" ಎಂದು. ಕೇಳಬೇಕಾದ್ದೇ. ಆದರೆ ಇಡೀ ಸರೋವರಕ್ಕೆ ಇಷ್ಟೇ ದಪ್ಪ ಅಂತ ಒಂದು ಲೆಕ್ಕ ಇರುವುದಿಲ್ಲ. 40 ಸೆಂ.ಮೀ. ಇದೆ ಎಂದು ಯಾರಾದರೂ ಹೇಳಿದರೆ, ಅವರು ತೂತು ಕೊರೆದ ಜಾಗದಲ್ಲಿ, ಕೊರೆದ ಹೊತ್ತಿಗೆ ಅಷ್ಟಿತ್ತು ಎಂದಷ್ಟೇ ತಿಳಿಯಬೇಕು. ನೂರು ಮೀಟರ್ ಆಚೆ ತೊರೆಯೊಂದು ಬಂದು ಸೇರುವ ಕಡೆ ಅದು 8 ಸೆಂ.ಮೀ. ಇರಬಹುದು. ಹಾಗಾಗಿ ಇಲ್ಲಿ ಹೆಚ್ಚು ಮಾತು ನೀರು ಎಲ್ಲಿ ಹರಿಯುತ್ತದೆ, ಹಿಮ ಎಲ್ಲಿ ಕೂತಿದೆ ಎನ್ನುವುದರ ಬಗ್ಗೆ. ಗಾಡಿಯ ವಿಷಯ ಆಮೇಲೆ. ಬಟ್ಟೆಬರೆ, ಕಾಯಿದೆ ಇನ್ನೂ ಆಮೇಲೆ.

ಹಿಂದಿನ ರಾತ್ರಿ ಮಾಡುವ ಲೆಕ್ಕ

ಒಕ್ಕೂಟದ ಆನ್‌ಲೈನ್ ನಕ್ಷೆಯಲ್ಲಿ ಪ್ರತಿ ಟ್ರೇಲ್‌ಗೂ ಬಣ್ಣವಿದೆ. ಹಸಿರು ಇದ್ದರೆ ತೆರೆದಿದೆ. ಹಳದಿ ಇದ್ದರೆ ಹೋಗಬಹುದು, ಆದರೆ ಹಿಮ ತೆಳುವಾಗಿರಬಹುದು, ನೆಲ ಕಾಣುವ ಜಾಗಗಳಿರಬಹುದು, ಹದ ಮಾಡದೆ ಬಿಟ್ಟಿರಬಹುದು. ಕೆಂಪು ಇದ್ದರೆ ಮುಚ್ಚಿದೆ. ಕೆಂಪಿನ ಮೇಲೆ "ಯಾರು ನೋಡ್ತಾರೆ" ಎಂದು ನುಗ್ಗಬೇಡಿ. ಎಷ್ಟೋ ಟ್ರೇಲ್‌ಗಳು ಖಾಸಗಿ ಜಮೀನಿನಲ್ಲಿ, ಮಾಲೀಕರ ಒಪ್ಪಿಗೆಯ ಮೇಲೆ ಹಾದು ಹೋಗುತ್ತವೆ. ಒಬ್ಬ ಮಾಲೀಕ ಸಿಟ್ಟಾಗಿ ಗೇಟು ಹಾಕಿದರೆ ಎರಡು ಊರುಗಳ ನಡುವಿನ ದಾರಿಯೇ ಕಡಿದು ಹೋಗುತ್ತದೆ. ನಕ್ಷೆಯನ್ನು ರಾತ್ರಿ ಒಮ್ಮೆ, ಬೆಳಿಗ್ಗೆ ಹೊರಡುವಾಗ ಇನ್ನೊಮ್ಮೆ ನೋಡಿ. ಇನ್ನೊಂದು ಮಾತು: ಹಸಿರು ಬಣ್ಣ ಮಂಜುಗಡ್ಡೆಗೆ ಕೊಟ್ಟ ಗ್ಯಾರಂಟಿ ಅಂತೂ ಖಂಡಿತ ಅಲ್ಲ.

ಗಡ್ಡೆ ಎಷ್ಟು ಬೆಳೆದಿರಬಹುದು ಎಂದು ಮನೆಯಲ್ಲೇ ಕೂತು ಅಂದಾಜು ಮಾಡಲು ಒಂದು ದಾರಿಯಿದೆ. ನೀರಿನ ಮೇಲೆ ಪೂರ್ತಿ ಪದರ ಕಟ್ಟಿದ ದಿನದಿಂದ ಶುರು ಮಾಡಿ, ದಿನದ ಸರಾಸರಿ ಉಷ್ಣಾಂಶ ಸೊನ್ನೆಗಿಂತ ಎಷ್ಟು ಡಿಗ್ರಿ ಸೆಲ್ಸಿಯಸ್ ಕೆಳಗಿತ್ತೋ ಅದನ್ನು ಕೂಡಿಸುತ್ತಾ ಹೋಗಿ. ಮೂರು ವಾರ ಸರಾಸರಿ ಮೈನಸ್ 12 ಇತ್ತೆನ್ನಿ: 21 ಗುಣಿಸು 12, ಅಂದರೆ 252. ಅದರ ವರ್ಗಮೂಲ ಸುಮಾರು 16. ಮೇಲೆ ಹಿಮ ಹೊದ್ದ ಸಾಧಾರಣ ಸರೋವರವಾದರೆ ಅದನ್ನು 1.7ರಿಂದ 2.4ರವರೆಗಿನ ಸಂಖ್ಯೆಯಿಂದ ಗುಣಿಸಬೇಕು. 27ರಿಂದ 38 ಸೆಂ.ಮೀ. ಬರುತ್ತದೆ. ಹಿಮ ಹೊದ್ದ ನದಿಗೆ 1.4ರಿಂದ 1.7, ಅಂದರೆ 22ರಿಂದ 27 ಸೆಂ.ಮೀ. ಮರಗಳ ಮರೆಯಲ್ಲಿ ಹರಿಯುವ ಸಣ್ಣ ಹೊಳೆಗೆ 0.7ರಿಂದ 1.4, ಅಂದರೆ ಬರೀ 11ರಿಂದ 22. ಅದೇ ಊರು, ಅದೇ ಚಳಿ, ಅದೇ ಮೂರು ವಾರ. ಸರೋವರದ ಮೇಲೆ ಧೈರ್ಯವಾಗಿ ಓಡಿದ ಸ್ಲೆಡ್ ಹೊಳೆ ದಾಟುವಲ್ಲಿ ಮುಳುಗುವುದು ಯಾಕೆಂದು ಈ ಅಂಕಿಗಳಲ್ಲೇ ಇದೆ. ಈ ಲೆಕ್ಕ ಹೊರಡಬೇಕೋ ಬೇಡವೋ ಎಂದು ತೀರ್ಮಾನಿಸುವುದಕ್ಕಷ್ಟೇ. ಗಡ್ಡೆ ಮೇಲೆ ಇಳಿಯಬೇಕೋ ಬೇಡವೋ ಎಂಬುದನ್ನು ತೂತು ಕೊರೆದು ನೋಡಿಯೇ ತೀರ್ಮಾನಿಸಬೇಕು.

ಸರೋವರದ ಆಳವನ್ನೂ ಗಮನಿಸಿ. ನಿಪಿಸಿಂಗ್‌ನ ಸರಾಸರಿ ಆಳ ನಾಲ್ಕೂವರೆ ಮೀಟರ್ ಆಸುಪಾಸು. ಅಷ್ಟು ದೊಡ್ಡ ಸರೋವರಕ್ಕೆ ಅದು ಏನೇನೂ ಅಲ್ಲ, ಹಾಗಾಗಿ ಬೇಗ ಹೆಪ್ಪುಗಟ್ಟುತ್ತದೆ. ಟೆಮಾಗಮಿ ಆಳದ ಸರೋವರ. ಕೈಬೆರಳು ಚಾಚಿದಂತೆ ಕವಲುಗಳು, ಅವುಗಳ ನಡುವೆ ಇಕ್ಕಟ್ಟಾದ ಕುತ್ತಿಗೆಗಳು. ಅಲ್ಲಿ ಗಡ್ಡೆ ತಡವಾಗಿ ಕಟ್ಟುತ್ತದೆ, ಕಟ್ಟಿದ ಮೇಲೂ ಕುತ್ತಿಗೆಗಳಲ್ಲಿ ತೆಳುವಾಗಿಯೇ ಉಳಿಯುತ್ತದೆ.

ಹದ ಮಾಡಿದ ಟ್ರೇಲ್ ಬೇಕಿದ್ದರೆ ಬೆಳಿಗ್ಗೆ ಬೇಗ ಹೊರಡಿ. ಹಿಮ ಹದ ಮಾಡುವ ದೊಡ್ಡ ಯಂತ್ರಗಳಾದ ಗ್ರೂಮರ್‌ಗಳು ಸಾಮಾನ್ಯವಾಗಿ ರಾತ್ರಿ ಓಡುತ್ತವೆ. ಅವು ಕೆರೆದು, ಒತ್ತಿ ಹೋದ ಹಿಮ ಗಟ್ಟಿಯಾಗಲು ಕೆಲವು ಗಂಟೆ ಬೇಕು, ಮೈನಸ್ 10ಕ್ಕಿಂತ ಕೆಳಗಿದ್ದರೆ ಚೆನ್ನಾಗಿ ಕೂರುತ್ತದೆ. ಶನಿವಾರ ಮಧ್ಯಾಹ್ನದ ಹೊತ್ತಿಗೆ ಅದೇ ಟ್ರೇಲ್ ಉಬ್ಬುತಗ್ಗಾಗಿ ಸೊಂಟ ಹಿಡಿಯುತ್ತದೆ. ಡಿಸೆಂಬರ್‌ನಲ್ಲಿ ಹಿಮ ಮಂಡಿಯುದ್ದ ಬಿದ್ದರೂ ಟ್ರೇಲ್ ಯಾಕೆ ತೆರೆದಿಲ್ಲ ಎಂದು ಕೇಳುವವರಿಗೆ ಉತ್ತರವೂ ಗ್ರೂಮರ್‌ನಲ್ಲೇ ಇದೆ. ಅದರ ತೂಕ ಏಳೆಂಟು ಟನ್. ಜೌಗು ನೆಲ ಕೆಳಗಿನವರೆಗೆ ಗಟ್ಟಿಯಾಗದೆ, ದಾಟುವ ನೀರಿನ ಮೇಲೆ ಸುಮಾರು 45 ಸೆಂ.ಮೀ. ಗಡ್ಡೆ ಕಟ್ಟದೆ ಅದನ್ನು ಇಳಿಸುವಂತಿಲ್ಲ.

ದಪ್ಪ ಅಳೆಯುವುದು, ಬಣ್ಣ ನೋಡುವುದು

ಗುರುತು ಹಾಕಿದ, ಎರಡೂ ಕಡೆ ಕೋಲು ನೆಟ್ಟ ದಾಟುದಾರಿ ಬಿಟ್ಟು ಬೇರೆಲ್ಲಿ ನೀರಿನ ಮೇಲೆ ಇಳಿಯುವುದಾದರೂ ನೀವೇ ಅಳೆಯಬೇಕು. ಬೇಕಾಗುವುದು ಮೂರೇ ಸಾಮಾನು: ಉದ್ದ ಹಿಡಿಯ ಹಾರೆ, ತೂತು ಕೊರೆಯಲು ಆಗರ್, ತುದಿಯಲ್ಲಿ ಕೊಕ್ಕೆ ಇರುವ ಅಳತೆಪಟ್ಟಿ. ಆಗರ್ ಭಾರ ಎನ್ನುವವರು ಬ್ಯಾಟರಿ ಡ್ರಿಲ್‌ಗೆ ಮರ ಕೊರೆಯುವ ಉದ್ದನೆಯ 5/8 ಇಂಚಿನ ಬಿಟ್ ಹಾಕಿಕೊಂಡರೂ ನಡೆಯುತ್ತದೆ. ಅರ್ಧ ನಿಮಿಷದ ಕೆಲಸ. ಬ್ಯಾಟರಿಯನ್ನು ಮಾತ್ರ ಜಾಕೆಟ್ಟಿನ ಒಳಗೆ ಇಟ್ಟುಕೊಳ್ಳಿ, ಮೈನಸ್ 25ರಲ್ಲಿ ಹೊರಗಿದ್ದರೆ ಕೊರೆಯುವ ಹೊತ್ತಿಗೆ ಸತ್ತಿರುತ್ತದೆ.

ದಡದಿಂದ ಒಬ್ಬರೇ, ನಡೆದುಕೊಂಡು, ಹಾರೆಯನ್ನು ಮುಂದೆ ಕುಕ್ಕುತ್ತಾ ಹೋಗಿ. ಹಾರೆ ಒಂದೇ ಏಟಿಗೆ ತೂರಿದರೆ ಬಂದ ಹೆಜ್ಜೆಯ ಮೇಲೇ ಹಿಂದಕ್ಕೆ. ಗಟ್ಟಿಯಿದ್ದರೆ ದಡದ ಹತ್ತಿರ ಮೊದಲ ತೂತು, ಆಮೇಲೆ ಪ್ರತಿ 45 ಮೀಟರಿಗೊಂದು. ಪಟ್ಟಿಯ ಕೊಕ್ಕೆಯನ್ನು ಗಡ್ಡೆಯ ತಳಕ್ಕೆ ಸಿಕ್ಕಿಸಿ ಅಳೆಯಿರಿ. ಮೇಲಿನ ಹಿಮವನ್ನು ಲೆಕ್ಕಕ್ಕೆ ಸೇರಿಸಬೇಡಿ.

ಕೊರೆದ ತೂತಿನ ಬದಿಯನ್ನು ಟಾರ್ಚ್ ಹಾಕಿ ನೋಡಿದರೆ ಪದರಗಳು ಕಾಣುತ್ತವೆ. ಕೆಳಗಿನ ಪಾರದರ್ಶಕ, ನೀಲಿ ಅಥವಾ ಕಪ್ಪು ಛಾಯೆಯ ಗಡ್ಡೆ ಎಲ್ಲಕ್ಕಿಂತ ಗಟ್ಟಿ. ಮೇಲಿನ ಹಾಲುಬಿಳುಪು ಪದರ ಹಿಮ ನೆನೆದು ಹೆಪ್ಪುಗಟ್ಟಿದ್ದು, ಅದಕ್ಕೆ ಅರ್ಧ ಬಲ. ಬೂದು ಬಣ್ಣ ಕಂಡರೆ ಒಳಗೆ ನೀರು ಸೇರಿದೆ ಎಂದರ್ಥ, ಇಳಿಯಲೇಬೇಡಿ. ತೂತಿನಲ್ಲಿ 12 ಸೆಂ.ಮೀ. ನೀಲಿ, 10 ಸೆಂ.ಮೀ. ಬಿಳಿ ಸಿಕ್ಕಿತೆನ್ನಿ. ಬಿಳಿಯನ್ನು ಅರ್ಧ ಮಾಡಿ: 12 ಕೂಡಿಸು 5, ಲೆಕ್ಕಕ್ಕೆ ಸಿಗುವುದು 17. ಎರಡು ಪದರಗಳ ನಡುವೆ ನೀರು ನಿಂತಿದ್ದರೆ ಎರಡನ್ನೂ ಕೂಡಿಸಬೇಡಿ.

ಗಡ್ಡೆ ಹೊರುವ ಭಾರ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕೆನಡಾದಲ್ಲಿ ಹೆಚ್ಚಾಗಿ ಬಳಸುವ ಸೂತ್ರ ಸರಳ: ಸೆಂಟಿಮೀಟರ್ ದಪ್ಪವನ್ನು ಅದರಿಂದಲೇ ಗುಣಿಸಿ, 4ರಿಂದ ಮತ್ತೆ ಗುಣಿಸಿ, ಕಿಲೋ ಬರುತ್ತದೆ. 10 ಸೆಂ.ಮೀ.ಗೆ 400 ಕಿಲೋ, 20ಕ್ಕೆ 1,600. ಸ್ಲೆಡ್, ಪೆಟ್ರೋಲ್, ಸವಾರ, ಸಾಮಾನು ಎಲ್ಲ ಸೇರಿ 400 ಕಿಲೋ ಎಂದರೆ 10 ಸೆಂ.ಮೀ. ಸಾಕಲ್ಲವೇ ಎನಿಸುತ್ತದೆ. ಕೆನಡಾದ ರೆಡ್ ಕ್ರಾಸ್ ಮಾತ್ರ ಸ್ನೋಮೊಬೈಲ್‌ಗೆ 25 ಸೆಂ.ಮೀ. ಬೇಕು ಎನ್ನುತ್ತದೆ. ಅಮೆರಿಕದ ಮಿನೆಸೋಟ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ಹೊಸ, ನಿರ್ಮಲ ಗಡ್ಡೆಗೆ 5ರಿಂದ 7 ಇಂಚು, ಅಂದರೆ 13ರಿಂದ 18 ಸೆಂ.ಮೀ. ಹೇಳುತ್ತದೆ. ಸೂತ್ರಕ್ಕೂ ಸಲಹೆಗೂ ಇರುವ ಅಂತರ ತೂತುಗಳ ನಡುವಿನ ಕಾಣದ ಜಾಗಕ್ಕೆ ಬಿಟ್ಟದ್ದು. ಅಳೆದ ಕಡೆ 20 ಇದ್ದು ಮಧ್ಯದಲ್ಲೆಲ್ಲೋ ಅರ್ಧಕ್ಕೆ ಇಳಿದಿದ್ದರೆ ನೀವು ಸರಿಯಾಗಿ ಅಂಚಿನ ಮೇಲಿದ್ದೀರಿ. 25 ಹಿಡಿದುಕೊಳ್ಳಿ, ನದಿಯಾದರೆ ಇನ್ನೂ ಹೆಚ್ಚು.

ಗುಂಪಾಗಿ ನಿಲ್ಲುವುದು ಎಲ್ಲರೂ ಮರೆಯುವ ವಿಷಯ. ಆರು ಸ್ಲೆಡ್‌ಗಳು ಒಂದರ ಪಕ್ಕ ಒಂದು ನಿಂತು ಫೋಟೋ ತೆಗೆಸಿಕೊಂಡರೆ ಎರಡೂವರೆ ಟನ್ ಭಾರ ಒಂದೇ ಕಡೆ ಬಿತ್ತು. ಗಡ್ಡೆಯ ಮೇಲೆ ನಿಂತಾಗ ಹತ್ತು ಹದಿನೈದು ಮೀಟರ್ ಬಿಟ್ಟುಬಿಟ್ಟು ನಿಲ್ಲಿ. ನಿಂತ ಭಾರಕ್ಕೆ ಗಡ್ಡೆ ನಿಧಾನವಾಗಿ ಬಗ್ಗುತ್ತಲೇ ಹೋಗುತ್ತದೆ. ಮೀನು ಹಿಡಿಯಲು ಗಂಟೆಗಟ್ಟಲೆ ನಿಲ್ಲಿಸುವುದಾದರೆ ಆಗಾಗ ಜಾಗ ಬದಲಿಸಿ, ಟ್ರ್ಯಾಕ್ ಸುತ್ತ ನೀರು ಜಿನುಗಿದ್ದು ಕಂಡರೆ ತಡಮಾಡದೆ ಹೊರಡಿ.

ಮಾರ್ಚ್ ಬಂದ ಮೇಲೆ ದಪ್ಪದ ಲೆಕ್ಕ ಕೆಲಸಕ್ಕೆ ಬಾರದು. ಬಿಸಿಲಿಗೆ ಗಡ್ಡೆ ನಿಲುವಾಗಿ ಮೇಣದಬತ್ತಿಗಳ ಕಟ್ಟಿನ ಹಾಗೆ ಬಿಡಿಬಿಡಿ ಆಗುತ್ತದೆ, 60 ಸೆಂ.ಮೀ. ಇದ್ದರೂ ಕಾಲಿಟ್ಟ ಕಡೆ ಕುಸಿಯುತ್ತದೆ. ರಾತ್ರಿಯೂ ಸೊನ್ನೆಗಿಂತ ಕೆಳಗೆ ಇಳಿಯದೆ ಒಂದಿಡೀ ದಿನ ಕಳೆದರೆ ಹಳೆಯ ಅಳತೆಗಳನ್ನೆಲ್ಲ ಮರೆತುಬಿಡಿ.

ನೀರು ಹರಿಯುವ ಕಡೆ

2020ರ ಜನವರಿ 21ರ ಸಂಜೆ ಕ್ಯೂಬೆಕ್‌ನ ಸೇಂಟ್ ಜಾನ್ ಸರೋವರದಲ್ಲಿ ಫ್ರಾನ್ಸಿನಿಂದ ಬಂದ ಪ್ರವಾಸಿಗರ ಸ್ನೋಮೊಬೈಲ್ ಗುಂಪೊಂದು ಗುರುತಿನ ದಾರಿ ಬಿಟ್ಟು ನೀರಿಗೆ ಬಿತ್ತು. ಮಾರ್ಗದರ್ಶಕ ಸೇರಿ ಆರು ಮಂದಿ ಸತ್ತರು. ಜನವರಿ ಕೊನೆ, ಒಳ್ಳೆಯ ಚಳಿಯ ನಾಡು. ಆದರೆ ಅದು ಸರೋವರದ ನೀರು ಸಾಗನೆ ನದಿಯಾಗಿ ಹೊರಬೀಳುವ ಕಡೆ. ಅಲ್ಲಿ ಸೆಳವು ಗಡ್ಡೆಯನ್ನು ತಳದಿಂದ ಸವೆಸುತ್ತಲೇ ಇರುತ್ತದೆ. ಮೇಲೆ ಹಿಮ ಹೊದ್ದಿರುವುದರಿಂದ ಕಣ್ಣಿಗೆ ಒಂದೇ ಸಮ ಕಾಣುತ್ತದೆ.

ನಕ್ಷೆಯನ್ನು ಕೈಯಲ್ಲಿ ಹಿಡಿದು ಈ ಜಾಗಗಳಿಗೆ ಮೊದಲೇ ಪೆನ್ಸಿಲ್ ಗುರುತು ಹಾಕಿ: ಹೊಳೆ ಸರೋವರಕ್ಕೆ ಸೇರುವ ಬಾಯಿ, ಸರೋವರದಿಂದ ನೀರು ಹೊರಡುವ ಬಾಯಿ, ಎರಡು ದ್ವೀಪಗಳ ಅಥವಾ ದಡಗಳ ನಡುವಿನ ಇಕ್ಕಟ್ಟು, ಸೇತುವೆ ಮತ್ತು ಮೋರಿಗಳ ಸುತ್ತಮುತ್ತ, ನೀರು ಮೇಲಕ್ಕೇಳುವ ಬಂಡೆದಿಬ್ಬಗಳು. ನಿಪಿಸಿಂಗ್‌ನಲ್ಲಿ ಸ್ಟರ್ಜನ್ ನದಿ ಬಂದು ಸೇರುವ ಬಾಯಿ, ಫ್ರೆಂಚ್ ನದಿ ಹೊರಡುವ ಕಡೆ ಎರಡಕ್ಕೂ ಗುರುತು ಬೀಳಬೇಕು. ಬೀವರ್‌ಗಳ ಕಡ್ಡಿಗೂಡು ಕಂಡರೆ ಸುತ್ತು ಹಾಕಿ ಹೋಗಿ. ಅವು ಗಡ್ಡೆಯ ಕೆಳಗೆ ದಿನವೂ ಓಡಾಡುವ ದಾರಿಯಲ್ಲಿ ಗಡ್ಡೆ ಬಲಿಯುವುದೇ ಇಲ್ಲ. ಜೊಂಡು, ಮುಳುಗಿದ ಮರ, ದೋಣಿಕಟ್ಟೆಯ ಕಂಬ ಇವೆಲ್ಲ ಬಿಸಿಲು ಹೀರಿ ಸುತ್ತಲಿನ ಗಡ್ಡೆಯನ್ನು ಕರಗಿಸುತ್ತವೆ. ಕೆಲವು ಕಾಟೇಜ್‌ನವರು ದೋಣಿಕಟ್ಟೆ ಉಳಿಸಲು ನೀರು ಕದಡುವ ಯಂತ್ರ ಇಟ್ಟಿರುತ್ತಾರೆ, ಅಲ್ಲಿ ಮೈನಸ್ 30ರಲ್ಲೂ ತೆರೆದ ನೀರು.

ನದಿಯಲ್ಲಿ ತಿರುವಿನ ಹೊರಬದಿಯಲ್ಲಿ ಸೆಳವು ಜೋರು, ಗಡ್ಡೆ ತೆಳು. ಒಳಬದಿಯೇ ಮೇಲು. ಅಣೆಕಟ್ಟು ಇರುವ ನದಿಗಳ ಕತೆ ಬೇರೆಯೇ. ಅಬಿಟಿಬಿ, ಮಟಗಾಮಿ ನದಿಗಳ ಮೇಲೆ ವಿದ್ಯುತ್ ಉತ್ಪಾದನೆಯ ಕಟ್ಟೆಗಳಿವೆ. ಕಟ್ಟೆಯಿಂದ ಬಿಡುವ ನೀರು ಹೆಚ್ಚುಕಡಿಮೆ ಆದಂತೆ ಮಟ್ಟ ಏರಿಳಿಯುತ್ತದೆ. ಮಟ್ಟ ಇಳಿದಾಗ ಗಡ್ಡೆಯ ಕೆಳಗೆ ಗಾಳಿ ತುಂಬಿದ ಟೊಳ್ಳು ಉಳಿಯುತ್ತದೆ. ಗಡ್ಡೆ ಹೊರುವುದು ನೀರಿನ ಆಸರೆಯಿಂದ. ಆಸರೆ ಹೋದ ಮೇಲೆ ಅದು ಬರೀ ಚಿಪ್ಪು, ಮೇಲಿನ ಸೂತ್ರ ಯಾವುದೂ ಅದಕ್ಕೆ ಅನ್ವಯಿಸುವುದಿಲ್ಲ. ಹಾರೆ ಕುಕ್ಕಿದಾಗ ಡೊಳ್ಳು ಸದ್ದು ಬಂದರೆ, ದಡದುದ್ದಕ್ಕೂ ಗಡ್ಡೆ ಇಳಿಜಾರಾಗಿ ಬಿರಿದಿದ್ದರೆ ಅದೇ ಟೊಳ್ಳಿನ ಗುರುತು. ಕಟ್ಟೆಯ ಮೇಲೂ ಕೆಳಗೂ ಇಂಥ ಕಡೆ ನದಿಯನ್ನು ದಾರಿ ಮಾಡಿಕೊಳ್ಳಲೇಬೇಡಿ, ಸೇತುವೆ ಹುಡುಕಿ.

ದೊಡ್ಡ ಸರೋವರಗಳಲ್ಲಿ ಇನ್ನೊಂದು ತೊಂದರೆ ಒತ್ತಡದ ಏಣುಗಳದ್ದು. ಗಾಳಿಗೂ ಚಳಿಯ ಏರಿಳಿತಕ್ಕೂ ಗಡ್ಡೆಯ ಹಾಸುಗಳು ಒಂದಕ್ಕೊಂದು ಒತ್ತಿ ಮೇಲೆದ್ದು ಕಿಲೋಮೀಟರ್‌ಗಟ್ಟಲೆ ಉದ್ದದ ಒಡಕು ಗೋಡೆಯಾಗುತ್ತವೆ. ಅದರ ಇಕ್ಕೆಲದಲ್ಲೂ ಗಡ್ಡೆ ಕೆಳಗೆ ಬಗ್ಗಿ, ಮೇಲೆ ನೀರು ನಿಂತಿರುತ್ತದೆ. ಬೆಳಿಗ್ಗೆ ದಾಟಿದ ಜಾಗ ಸಂಜೆ ಮೀಟರ್ ಅಗಲ ಬಾಯಿ ತೆರೆದಿರಬಹುದು. ಕ್ಲಬ್‌ನವರು ಗುರುತು ಹಾಕಿದ ಕಡೆಯೇ ದಾಟಿ, ವಾಪಸ್ ಬರುವಾಗಲೂ ಇಳಿದು ನೋಡಿ ದಾಟಿ. ವೇಗವಾಗಿ ಹಾರಿಸಿಕೊಂಡು ಹೋಗುವ ವಿಡಿಯೊಗಳನ್ನು ನೋಡಿ ಕಲಿಯುವುದು ಏನೂ ಇಲ್ಲ.

ಬಯಲಿನಂಥ ಸರೋವರದ ನಡುವೆ ಗಾಳಿ ಎದ್ದು ಹಿಮ ಹಾರತೊಡಗಿದರೆ ಆಕಾಶ, ನೆಲ ಒಂದೇ ಬಿಳುಪಾಗುತ್ತವೆ. ಆಗ ಕೋಲಿನಿಂದ ಕೋಲಿಗೆ ಮಾತ್ರ ಹೋಗಬೇಕು. ಮುಂದಿನ ಕೋಲು ಕಾಣದಿದ್ದರೆ ಒಬ್ಬರು ಈ ಕೋಲಿನ ಬಳಿಯೇ ನಿಲ್ಲಿ, ಇನ್ನೊಬ್ಬರು ಇವರ ದೀಪ ಕಾಣುವಷ್ಟು ದೂರ ಮಾತ್ರ ಹೋಗಿ ಹುಡುಕಿ. ಹಿಂದಿನ ಕೋಲೂ ಕಾಣದ ಸ್ಥಿತಿಗೆ ಬಂದರೆ ಎಂಜಿನ್ ಆರಿಸಿ, ಸ್ಲೆಡ್‌ನ ಮರೆಯಲ್ಲಿ ಕೂತು ಕಾಯುವುದೇ ಸರಿ.

ಸ್ಲಶ್: ಹಿಮದಡಿಯ ನೀರು

ಮುಳುಗುವವರಿಗಿಂತ ಸ್ಲಶ್‌ನಲ್ಲಿ ಸಿಕ್ಕಿಬೀಳುವವರೇ ಬಹಳ. ಕಾರಣ ಇಷ್ಟು: 30 ಸೆಂ.ಮೀ. ಗಡ್ಡೆ ತೇಲುವಾಗ ನೀರಿನಿಂದ ಮೇಲೆ ಕಾಣುವುದು ಎರಡೂವರೆ ಸೆಂ.ಮೀ. ಮಾತ್ರ. ಪ್ರತಿ ಚದರ ಮೀಟರಿಗೆ 25 ಕಿಲೋ ಹಿಮ ಕೂತರೆ ಆ ಎರಡೂವರೆಯೂ ಮುಳುಗುತ್ತದೆ. ಸ್ವಲ್ಪ ಅದುಮಿದ ಹಿಮವಾದರೆ ಅದು ಗೇಣಿಗಿಂತ ಕಡಿಮೆ ಎತ್ತರ. ಬಿರುಕುಗಳಿಂದ ನೀರು ಮೇಲೆ ಬಂದು ಹಿಮದಡಿ ಸೇರುತ್ತದೆ. ಮೇಲಿನ ಹಿಮ ಕಂಬಳಿಯ ಕೆಲಸ ಮಾಡುವುದರಿಂದ ಮೈನಸ್ 30ರಲ್ಲೂ ಅದು ವಾರಗಟ್ಟಲೆ ಹೆಪ್ಪುಗಟ್ಟದೆ ಇರುತ್ತದೆ. ದೊಡ್ಡ ಹಿಮಪಾತದ ಮರುದಿನ ಗುರುತಿಲ್ಲದ ಸರೋವರದ ಮೇಲೆ ಹೋಗಬಾರದು ಎನ್ನುವುದು ಇದಕ್ಕೇ.

ಸ್ಲೆಡ್ ಇದ್ದಕ್ಕಿದ್ದಂತೆ ಹಿಂದಕ್ಕೆಳೆದಂತಾಗಿ, ಹಿಂದಿನ ಟ್ರ್ಯಾಕ್ ಗುರುತು ಬಿಳಿಯಿಂದ ಬೂದಿಗೆ ತಿರುಗಿದರೆ ಸ್ಲಶ್ ಸಿಕ್ಕಿತು. ಥ್ರಾಟಲ್ ಬಿಡಬೇಡಿ. ಎದ್ದು ನಿಂತು, ತೂಕ ಸ್ವಲ್ಪ ಹಿಂದಕ್ಕೆ ಹಾಕಿ, ಒಂದೇ ಸಮ ವೇಗದಲ್ಲಿ ನೇರಕ್ಕೆ ದಾಟಿ. ದಡ ಹತ್ತಿರವಿದ್ದರೆ ಅಗಲವಾದ ತಿರುವಿನಲ್ಲಿ ಅತ್ತ ತಿರುಗಿ. ಇನ್ನೊಬ್ಬರ ಗುರುತಿನ ಮೇಲೆ ಹೋಗಬೇಡಿ, ಅವರು ಹಿಮವನ್ನು ಆಗಲೇ ಕತ್ತರಿಸಿ ನೀರು ಎಬ್ಬಿಸಿರುತ್ತಾರೆ. ಹಿಂದಿನಿಂದ ಬರುವವರು ನಿಮ್ಮ ಬೂದು ಗುರುತು ಕಂಡ ಕೂಡಲೇ ಗಟ್ಟಿ ಜಾಗದಲ್ಲೇ ನಿಲ್ಲಬೇಕು. ಸಹಾಯ ಮಾಡಲು ಬಂದ ಮೂರು ಸ್ಲೆಡ್‌ಗಳೂ ಒಂದೇ ಗುಂಡಿಯಲ್ಲಿ ಕೂರುವುದು ಇಲ್ಲಿನ ಮಾಮೂಲಿ ದೃಶ್ಯ.

ಸಿಕ್ಕಿಬಿದ್ದರೆ ಥ್ರಾಟಲ್ ಒತ್ತಿ ಒತ್ತಿ ಗುಂಡಿ ತೋಡಿಕೊಳ್ಳಬೇಡಿ. ಮೊದಲು ಹೀಗೆ ಮಾಡಿ. ಎಂಜಿನ್ ಆರಿಸಿ. ಸ್ಲೆಡ್‌ನ ಮುಂದೆ ಐದಾರು ಮೀಟರ್ ಉದ್ದ, ಸ್ಲೆಡ್‌ಗಿಂತ ಒಂದೂವರೆ ಪಟ್ಟು ಅಗಲದ ಪಟ್ಟಿಯನ್ನು ಕಾಲಲ್ಲಿ ತುಳಿದು ಅದುಮಿ. ಹಿಮ ಸರಿದು ಗಾಳಿ ತಾಗಿದ ಸ್ಲಶ್ ಚಳಿಗೆ ಗಟ್ಟಿಯಾಗತೊಡಗುತ್ತದೆ. ಮೈನಸ್ 20 ಇದ್ದರೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಕಾಯುವುದು ಲಾಭವೇ. ಅಷ್ಟರಲ್ಲಿ ಹಿಂದಿನ ಬಂಪರ್ ಹಿಡಿದು ಎತ್ತಿ, ಟ್ರ್ಯಾಕನ್ನು ಗುಂಡಿಯಿಂದ ಪಕ್ಕದ ತುಳಿದ ಹಿಮದ ಮೇಲೆ ಇಡಿ. ಆಮೇಲೆ ಸ್ಕೀ ಹಿಡಿಕೆ ಎಳೆದು ಮೂತಿಯನ್ನು ನೇರ ಮಾಡಿ. ಒಬ್ಬರಿಂದ ಆಗದ ಕೆಲಸ, ಸೊಂಟ ಉಳಿಸಿಕೊಳ್ಳಿ. ಸಸ್ಪೆನ್ಷನ್ ಒಳಗೆ, ಟ್ರ್ಯಾಕ್ ಒಳಗಿನ ಸಣ್ಣ ಬೋಗಿ ಚಕ್ರಗಳ ನಡುವೆ ತುಂಬಿದ ಸ್ಲಶ್ಶನ್ನು ಕೋಲಿನಿಂದ ಕೆರೆದು ತೆಗೆಯಿರಿ. ಅದೇ ಐವತ್ತು ಕಿಲೋ ಇರಬಹುದು. ಟ್ರ್ಯಾಕ್ ಕೆಳಗೆ ಸ್ಪ್ರೂಸ್ ಮರದ ಕೊಂಬೆಗಳನ್ನು ಹಾಸಿ. ಒಬ್ಬರು ಮುಂದೆ ಹಗ್ಗ ಎಳೆಯಲಿ, ಇನ್ನೊಬ್ಬರು ಪಕ್ಕದಲ್ಲಿ ನಿಂತು ಹಗುರವಾಗಿ ಥ್ರಾಟಲ್ ಕೊಡಲಿ. ಟ್ರ್ಯಾಕ್ ಹಿಂದೆ ಯಾರೂ ನಿಲ್ಲಬಾರದು.

ಕತ್ತಲಾಯಿತು, ಆಗಲಿಲ್ಲ ಎಂದರೆ ಸ್ಲೆಡ್ ಬಿಟ್ಟು ಹೋಗಿ, ಆದರೆ ಅದರಡಿಗೆ ದಿಮ್ಮಿ ಅಥವಾ ಕೊಂಬೆ ಕೊಟ್ಟು ಎತ್ತಿಟ್ಟು ಹೋಗಿ. ಸ್ಲಶ್‌ನಲ್ಲೇ ಬಿಟ್ಟರೆ ಬೆಳಿಗ್ಗೆ ಹಾರೆಯಿಂದ ಕಡಿದು ತೆಗೆಯಬೇಕಾಗುತ್ತದೆ. ಬೂಟಿನೊಳಗೆ ನೀರು ಹೋಗಿದ್ದರೆ ಸ್ಲೆಡ್‌ಗಿಂತ ಮೊದಲು ಪಾದ ನೋಡಿಕೊಳ್ಳಿ: ಒಣ ಕಾಲುಚೀಲ, ಅದರ ಮೇಲೊಂದು ಪ್ಲಾಸ್ಟಿಕ್ ಚೀಲ, ಆಮೇಲೆ ಬೂಟು.

ಗಾಡಿಯಲ್ಲಿ ನೋಡಬೇಕಾದ್ದು

ಲಿಕ್ವಿಡ್ ಕೂಲಿಂಗ್ ಇರುವ ಸ್ಲೆಡ್‌ಗೆ ಕಾರಿನ ಹಾಗೆ ಮುಂದೆ ದೊಡ್ಡ ರೇಡಿಯೇಟರ್ ಇರುವುದಿಲ್ಲ. ಟ್ರ್ಯಾಕ್ ಮೇಲಿನ ಲೋಹದ ಹೊದಿಕೆಯಾದ ಟನೆಲ್‌ನಲ್ಲಿ ಶಾಖ ಬಿಡುವ ಕೊಳವೆಗಳಿದ್ದು, ಟ್ರ್ಯಾಕ್ ಎರಚುವ ಹಿಮ ಅವನ್ನು ತಣಿಸುತ್ತದೆ. ಗಾಳಿ ಹಿಮವನ್ನೆಲ್ಲ ಗುಡಿಸಿಹಾಕಿದ ಬರಿ ಗಡ್ಡೆಯ ಮೇಲೆ ಎರಚಲು ಹಿಮವೇ ಇಲ್ಲ, ಎಂಜಿನ್ ಬಿಸಿಯೇರುತ್ತದೆ. ಟ್ರ್ಯಾಕ್ ಉಜ್ಜುವ ಪ್ಲಾಸ್ಟಿಕ್ ಸ್ಲೈಡರ್ ಪಟ್ಟಿಗಳಿಗೂ ಹಿಮವೇ ಎಣ್ಣೆ, ಅದಿಲ್ಲದಿದ್ದರೆ ಕರಗಿ ಅಂಟುತ್ತವೆ. ಪರಿಹಾರ ಸ್ಕ್ರ್ಯಾಚರ್: ಗಡ್ಡೆ ಕೆರೆದು ಪುಡಿ ಎರಚುವ ಸಣ್ಣ ಸ್ಪ್ರಿಂಗ್ ಕಡ್ಡಿಗಳು. ರಿವರ್ಸ್ ಹಾಕುವ ಮುನ್ನ ಅವನ್ನು ಎತ್ತಿ ಸಿಕ್ಕಿಸಿ, ಇಲ್ಲದಿದ್ದರೆ ಬಗ್ಗಿ ಮುರಿಯುತ್ತವೆ. ತಂತಿಹಗ್ಗದ ನಮೂನೆಗೆ ಈ ಕಾಟವಿಲ್ಲ. ಸ್ಕ್ರ್ಯಾಚರ್ ಇಲ್ಲದಿದ್ದರೆ ಕೆಲವು ನಿಮಿಷಕ್ಕೊಮ್ಮೆ ಟ್ರೇಲ್ ಅಂಚಿನ ಸಡಿಲ ಹಿಮಕ್ಕೆ ಇಳಿದು ಹೋಗಿ. ಬಿಸಿಯ ದೀಪ ಹತ್ತಿದರೆ ನಿಲ್ಲಿಸಿ, ಟನೆಲ್ ಮತ್ತು ಕಾಲಿಡುವ ಹಲಗೆಗಳ ಮೇಲೆ ಹಿಮ ಸುರಿಯಿರಿ. ಕಾದ ಎಂಜಿನ್ ಮೇಲೆ ನೇರವಾಗಿ ಸುರಿಯಬೇಡಿ.

ಟ್ರ್ಯಾಕ್ ಬಿಗಿತ ನೋಡಲು ಸ್ಲೆಡ್‌ನ ಹಿಂಭಾಗ ಎತ್ತಿಟ್ಟು, ಕೆಳಗಿನ ಓಟದ ಮಧ್ಯೆ 7.3 ಕಿಲೋ ತೂಕ ನೇತು ಹಾಕಿ. ಸ್ಲೈಡರ್‌ಗೂ ಟ್ರ್ಯಾಕ್‌ಗೂ ನಡುವೆ ಎಷ್ಟೋ ಮಾದರಿಗಳಲ್ಲಿ 30ರಿಂದ 35 ಮಿ.ಮೀ. ಅಂತರ ಇರಬೇಕು. ನಿಮ್ಮದಕ್ಕೆ ಎಷ್ಟೆಂದು ಕೈಪಿಡಿಯಲ್ಲಿರುತ್ತದೆ. ಬಿಗಿ ಹೆಚ್ಚಾದರೆ ಸ್ಲೈಡರ್ ಸವೆಯುತ್ತದೆ, ಸಡಿಲವಾದರೆ ಥ್ರಾಟಲ್ ಕೊಟ್ಟಾಗ ಹಲ್ಲು ಜಾರಿ ಟಕಟಕ ಸದ್ದು ಬರುತ್ತದೆ. ಹಿಂದಿನ ಅಚ್ಚಿನ ಎರಡೂ ಬದಿಯ ಬೋಲ್ಟನ್ನು ಕಾಲು ಸುತ್ತಿನಂತೆ ಸಮವಾಗಿ ತಿರುಗಿಸಿ. ಆಮೇಲೆ ಟ್ರ್ಯಾಕ್ ನಿಧಾನ ಸುತ್ತಿಸಿ, ಎರಡೂ ಬದಿ ಒಂದೇ ಅಂತರ ಉಳಿದಿದೆಯೇ ನೋಡಿ.

ಟ್ರ್ಯಾಕ್‌ಗೆ ಉಕ್ಕಿನ ಸ್ಟಡ್ (ಮೊಳೆ) ಹಾಕಿಸಿದರೆ ಗಡ್ಡೆಯ ಮೇಲೆ ಬ್ರೇಕು, ಹಿಡಿತ ಎರಡೂ ಸುಧಾರಿಸುತ್ತವೆ. ಆದರೆ ಸ್ಕೀ ಕೆಳಗಿನ ಕಾರ್ಬೈಡ್ ಪಟ್ಟಿ ಸವೆದಿದ್ದು ಹಿಂದೆ ಮಾತ್ರ ಸ್ಟಡ್ ಇದ್ದರೆ ಹ್ಯಾಂಡಲ್ ತಿರುಗಿಸಿದರೂ ಸ್ಲೆಡ್ ನೇರ ಮುಂದಕ್ಕೇ ಹೋಗುತ್ತದೆ. ಎರಡೂ ಜೊತೆಗೇ ಆಗಬೇಕಾದ ಖರ್ಚು.

ಎಂಜಿನ್ ಬಲವನ್ನು ಟ್ರ್ಯಾಕ್ ಕಡೆಗೆ ಒಯ್ಯುವ ಡ್ರೈವ್ ಬೆಲ್ಟ್ ಬಿಡಿಯಾಗಿ ಇನ್ನೊಂದು ಇಲ್ಲದೆ ಹೊರಡಬೇಡಿ. ಕಡಿದರೆ ಕೀಲಿ, ಟೆಥರ್ (ಕಿತ್ತರೆ ಎಂಜಿನ್ ಆರಿಸುವ, ಸವಾರನಿಗೆ ಕಟ್ಟುವ ದಾರ) ತೆಗೆದು, ಪಕ್ಕದ ಬಾಗಿಲು, ಬೆಲ್ಟ್ ಗಾರ್ಡ್ ಬಿಚ್ಚಿ. ಗಾಡಿಯೊಂದಿಗೆ ಬರುವ ಸಲಕರಣೆಯಿಂದ ಹಿಂದಿನ ಕ್ಲಚ್ ತಟ್ಟೆಗಳನ್ನು ಅಗಲಿಸಿ. ಹಳೆ ಬೆಲ್ಟಿನ ನೂಲು, ರಬ್ಬರ್ ಚೂರುಗಳನ್ನು ಎರಡೂ ಕ್ಲಚ್‌ಗಳಿಂದ ಪೂರ್ತಿ ಆರಿಸಿ ತೆಗೆಯಿರಿ. ಇಲ್ಲಿ ಸೋಮಾರಿತನ ಮಾಡಿದರೆ ಹೊಸ ಬೆಲ್ಟೂ ಹತ್ತು ನಿಮಿಷದಲ್ಲಿ ಹೋಗುತ್ತದೆ. ಹೊಸದನ್ನು ಬಾಣದ ಗುರುತು ಓಟದ ದಿಕ್ಕಿಗೆ ಬರುವಂತೆ ಹಾಕಿ, ಮೊದಲ 50 ಕಿ.ಮೀ. ಪೂರ್ತಿ ಥ್ರಾಟಲ್ ಕೊಡದೆ ಓಡಿಸಿ.

ಪೆಟ್ರೋಲ್: 40 ಲೀಟರ್ ಟ್ಯಾಂಕಿನ ಟ್ರೇಲ್ ಸ್ಲೆಡ್ ಒಳ್ಳೆ ಟ್ರೇಲ್‌ನಲ್ಲಿ 200 ಕಿ.ಮೀ. ಕೊಡಬಹುದು, ಆಳ ಹಿಮದಲ್ಲಿ ಅದರ ಅರ್ಧ. ಉತ್ತರದಲ್ಲಿ ಎರಡು ಬಂಕ್‌ಗಳ ನಡುವೆ ನೂರು ಕಿ.ಮೀ. ದಾಟುವುದು ಮಾಮೂಲಿ. ಮೂರನೇ ಒಂದು ಭಾಗ ಉಳಿಸಿಕೊಂಡೇ ಲೆಕ್ಕ ಹಾಕಿ.

ಬಾಡಿಗೆಗೆ ತೆಗೆದುಕೊಳ್ಳುವವರು ಕೇಳಬೇಕಾದ್ದು: ಟ್ರೇಲ್ ಪರ್ಮಿಟ್ ಸೇರಿದೆಯೇ, ಸ್ಕ್ರ್ಯಾಚರ್ ಇದೆಯೇ, ಬಿಡಿ ಬೆಲ್ಟ್ ಎಲ್ಲಿದೆ, ನೀರಿಗೆ ಬಿದ್ದರೆ ಗಾಡಿಯ ದುಡ್ಡು ಯಾರ ತಲೆಗೆ. ಕೊನೆಯದಕ್ಕೆ ಉತ್ತರ ಕರಾರಿನ ಸಣ್ಣ ಅಕ್ಷರಗಳಲ್ಲಿ ಇರುತ್ತದೆ.

ನೀರಿಗೆ ಬಿದ್ದರೆ

ತೇಲುವ ಪದರವಿರುವ ಸೂಟ್ ಹಾಕಿಕೊಳ್ಳಿ. ಗಡ್ಡೆಗೆ ಚುಚ್ಚಿ ಹಿಡಿಯುವ ಮೊನೆಯ ಐಸ್ ಪಿಕ್ ಜೋಡಿಯನ್ನು ದಾರದಲ್ಲಿ ಕಟ್ಟಿ ಕೊರಳಿಗೆ, ಜಾಕೆಟ್ ಮೇಲೆಯೇ ನೇತು ಹಾಕಿ. ಬ್ಯಾಗಿನಲ್ಲಿಟ್ಟ ಪಿಕ್ ಇದ್ದೂ ಇಲ್ಲದ ಹಾಗೆ.

ಮ್ಯಾನಿಟೋಬ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ತಣ್ಣೀರಿನಲ್ಲಿ ದೇಹ ಹೇಗೆ ವರ್ತಿಸುತ್ತದೆ ಎಂದು ದಶಕಗಳ ಕಾಲ ಅಧ್ಯಯನ ಮಾಡಿದವರು. ಅವರು ಜನಪ್ರಿಯಗೊಳಿಸಿದ ಸೂತ್ರ 1-10-1. ಮೊದಲ 1 ನಿಮಿಷ ಉಸಿರು ಏದುಸಿರಾಗುತ್ತದೆ, ಅದನ್ನು ಹಿಡಿತಕ್ಕೆ ತರುವುದೊಂದೇ ಕೆಲಸ. ಮುಂದಿನ 10 ನಿಮಿಷ ಕೈಕಾಲು ಹೇಳಿದ ಮಾತು ಕೇಳುತ್ತವೆ. ಪ್ರಜ್ಞೆ ತಪ್ಪಲು 1 ಗಂಟೆ ಬೇಕು. ಬಿದ್ದ ಕೂಡಲೇ ಸಾಯುತ್ತೇವೆ ಎಂದು ಕೈಚೆಲ್ಲುವವರು ಇದನ್ನು ನೆನಪಿಡಬೇಕು: ಅವಸರವಿಲ್ಲದೆ ಕೆಲಸ ಮಾಡಲು ಹತ್ತು ನಿಮಿಷ ಇದೆ.

ಬಂದ ದಿಕ್ಕಿಗೇ ತಿರುಗಿ, ಅದು ನಿಮ್ಮ ಭಾರ ಹೊತ್ತಿದ್ದ ಗಡ್ಡೆ. ಮೊಣಕೈಗಳನ್ನು ಅಂಚಿನ ಮೇಲಿಟ್ಟು ಬಟ್ಟೆಯ ನೀರು ಸ್ವಲ್ಪ ಬಸಿಯಲು ಬಿಡಿ. ಕಾಲು ಬಡಿದು ದೇಹವನ್ನು ನೀರಿನಲ್ಲಿ ಅಡ್ಡವಾಗಿ ಚಾಚಿ. ನೇರ ನೇತಾಡುತ್ತಾ ಮೇಲೆ ಏರಲು ಹೋದರೆ ಆಗುವುದಿಲ್ಲ. ಪಿಕ್‌ಗಳನ್ನು ಚುಚ್ಚಿ, ಕಾಲು ಬಡಿಯುತ್ತಾ ಹೊಟ್ಟೆಯ ಮೇಲೆ ಜಾರಿ ಹೊರಬನ್ನಿ. ಅಂಚು ಮುರಿದರೆ ಮತ್ತೆ ಮುಂದಿನ ಅಂಚು. ಹೊರಬಂದ ಮೇಲೆ ಎದ್ದು ನಿಲ್ಲದೆ, ಬಂದ ದಾರಿಯಲ್ಲೇ ಉರುಳಿಕೊಂಡು ದೂರ ಹೋಗಿ. ಜೊತೆಗಿದ್ದವರು ಹತ್ತಿರ ಬರದೆ, ಮಲಗಿ ಹಗ್ಗ ಎಸೆಯಬೇಕು. 15 ಮೀಟರ್ ಹಗ್ಗ ಪ್ರತಿ ಸ್ಲೆಡ್‌ನಲ್ಲೂ ಕೈಗೆ ಸಿಗುವ ಕಡೆ ಇರಲಿ.

ಫೋನ್ ಸಿಗ್ನಲ್ ನಂಬಬೇಡಿ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ, ಇಲ್ಲವೇ ಐಫೋನ್ 14 ಮತ್ತು ನಂತರದ ಮಾದರಿಗಳಲ್ಲಿರುವ ಉಪಗ್ರಹ ತುರ್ತುಕರೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಅದು ಒಳ ಅಂಗಿಯ ಜೇಬಿನಲ್ಲಿ, ನೀರು ತಾಗದ ಚೀಲದಲ್ಲಿ ಇರಲಿ.

ಗುಂಪಿನಲ್ಲಿ ಹೋಗುವಾಗ

ಒಂಟಾರಿಯೊದ ಟ್ರೇಲ್‌ಗಳಲ್ಲಿ ವೇಗದ ಮಿತಿ ಗಂಟೆಗೆ 50 ಕಿ.ಮೀ. ಹೆಲ್ಮೆಟ್, ವಿಮೆ, ನೋಂದಣಿ, ಡ್ರೈವಿಂಗ್ ಲೈಸೆನ್ಸ್ ಅಥವಾ ಸ್ನೋಮೊಬೈಲ್ ಲೈಸೆನ್ಸ್, ಒಕ್ಕೂಟದ ಟ್ರೇಲ್ ಪರ್ಮಿಟ್ ಬೇಕು. ಕುಡಿದು ಓಡಿಸಿದರೆ ಕಾರಿನ ಲೈಸೆನ್ಸೂ ಹೋಗುತ್ತದೆ. ರಾತ್ರಿ 60ರಲ್ಲಿ ಹೋದರೆ ಸೆಕೆಂಡಿಗೆ 17 ಮೀಟರ್ ಸಾಗುತ್ತೀರಿ. ಕಂಡು, ಬ್ರೇಕು ಹಿಡಿಯುವ ಹೊತ್ತಿಗೇ 25 ಮೀಟರ್ ಮುಗಿದಿರುತ್ತದೆ. ಗಡ್ಡೆಯ ಮೇಲೆ ದೀಪದ ಬೆಳಕು ಮುಗಿಯುವುದರೊಳಗೆ ನಿಲ್ಲುವುದು ಸಾಧ್ಯವೇ ಇಲ್ಲ.

ಥ್ರಾಟಲ್ ಬಲ ಹೆಬ್ಬೆರಳಿನಲ್ಲಿ, ಆದ್ದರಿಂದ ಸನ್ನೆಗಳೆಲ್ಲ ಎಡಗೈಯಲ್ಲಿ. ಕೈ ಎತ್ತಿ ಹೆಬ್ಬೆರಳನ್ನು ಭುಜದ ಹಿಂದಕ್ಕೆ ತೋರಿಸಿದರೆ "ಹಿಂದೆ ಇನ್ನೂ ಬರುತ್ತಿದ್ದಾರೆ". ಮುಷ್ಟಿ ಕಟ್ಟಿ ಎತ್ತಿದರೆ "ನಾನೇ ಕೊನೆಯವ". ತಿರುವಿನಲ್ಲಿ ಎದುರಿನವರ ಮುಷ್ಟಿ ಕಾಣುವವರೆಗೂ ಬಲ ಅಂಚು ಬಿಡಬೇಡಿ.

ಸಂಜೆ ನಿಲ್ಲಿಸುವಾಗ

ಸ್ಲೆಡ್‌ನ ಹಿಂಭಾಗವನ್ನು ಭದ್ರವಾದ ಸ್ಟ್ಯಾಂಡ್ ಮೇಲಿಟ್ಟು, ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡು, ಟ್ರ್ಯಾಕನ್ನು ನಿಧಾನವಾಗಿ ಕೆಲವು ಸುತ್ತು ಓಡಿಸಿ. ಒಳಗಿನ ಒದ್ದೆ ಹಿಮ ಉದುರುತ್ತದೆ. ಸ್ಕೀಗಳ ಕೆಳಗೆ ಒಂದೊಂದು ಹಲಗೆ ತುಂಡು ಇಡಿ. ಹಾಗೇ ಬಿಟ್ಟು ಬೆಳಿಗ್ಗೆ ಅಂಟಿಕೊಂಡಿದ್ದರೆ ಎಂಜಿನ್ ಬಲದಿಂದ ಕೀಳಲು ಹೋಗಬೇಡಿ, ಬೆಲ್ಟ್ ಸುಡುತ್ತದೆ. ಸ್ಲೆಡ್ಡನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಲಾಡಿಸಿ ಸ್ಕೀ ಬಿಡಿಸಿ, ಬಂಪರ್ ಹಿಡಿದು ಹಿಂಭಾಗ ಎತ್ತಿ ಕುಕ್ಕಿ ಟ್ರ್ಯಾಕ್ ಬಿಡಿಸಿ. ಎಂಜಿನ್ ಎರಡು ಮೂರು ನಿಮಿಷ ಬಿಸಿಯಾದ ಮೇಲೆ, ಮೊದಲ ಅರ್ಧ ಕಿಲೋಮೀಟರ್ ನಿಧಾನಕ್ಕೇ ಹೋಗಿ. ಅಷ್ಟರಲ್ಲಿ ತಣ್ಣಗೆ ಬಿರುಸಾಗಿದ್ದ ಬೆಲ್ಟೂ ಟ್ರ್ಯಾಕೂ ಸಡಿಲಗೊಂಡಿರುತ್ತವೆ.